ನಮ್ಮೂರ ಮಕ್ಕಳ ಹೆಸರಿಗೂ ಬೆಲೆ ಇದೆ: ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ, ಊರೂರ ಕನ್ನಡ ಕೂಟಗಳನ್ನು ನಡೆಸುತ್ತಿರುವ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಕಾಲೇಜು ಆಟಗಾರರ ದುಡ್ಡಿನ ವಿಷಯ ಮಾತಾಡಲು ಈ ಪತ್ರ ಬರೆಯುತ್ತಿದ್ದೇನೆ. ನಾವು ಕೂಟಗಳಲ್ಲಿ ಸೇರಿದಾಗ ಗ್ರೀನ್ ಕಾರ್ಡ್ ಬಗ್ಗೆ, ಮಕ್ಕಳ ಕಾಲೇಜು ಅಡ್ಮಿಷನ್ ಬಗ್ಗೆ, ಮನೆ ಸಾಲದ ಬಡ್ಡಿ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಇದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ. ಫುಟ್‌ಬಾಲು, ಬಾಸ್ಕೆಟ್‌ಬಾಲು ಆಡುವ ಅಮೆರಿಕದ ಹುಡುಗರ ವಿಷಯ, ನಮಗೇನು ಎಂದು ಬಿಟ್ಟಿರಬೇಕು. ಆದರೆ ಬೆಂಗಳೂರಿನ ಟೆನಿಸ್ ಅಂಗಳಗಳಿಂದ, ಈಜುಕೊಳಗಳಿಂದ ಮಕ್ಕಳು ಸ್ಕಾಲರ್‌ಶಿಪ್ ಹಿಡಿದು ಇಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಒಂದು ಅನ್ಯಾಯ ಆಗುತ್ತಿದೆ. ಅದನ್ನು ಸರಿಪಡಿಸಬೇಕಾದವರು ವಾಷಿಂಗ್ಟನ್‌ನ ಕಾಂಗ್ರೆಸ್‌ನವರು. ಅವರನ್ನು ಕೇಳುವ ಹಕ್ಕು ಇಲ್ಲಿ ವೋಟು ಹಾಕುವ ನಿಮಗಿದೆ.

ವಿಷಯ ಏನೆಂದರೆ, 2021ರ ಜುಲೈ 1ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ, ಸಹಿ ಬಳಸಿ ಹಣ ಗಳಿಸಬಹುದು. ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬಹುದು, ಶೂ ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ಬೇಸಿಗೆಯಲ್ಲಿ ಚಿಕ್ಕ ಮಕ್ಕಳಿಗೆ ತಮ್ಮ ಹೆಸರಲ್ಲೇ ಕ್ಯಾಂಪ್ ನಡೆಸಬಹುದು. ಇದಕ್ಕೆ ಇಲ್ಲಿ ಎಲ್ಲರೂ ಎನ್‌ಐಎಲ್ ಎನ್ನುತ್ತಾರೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದ ಮಕ್ಕಳು ಮಾತ್ರ ಇದನ್ನು ಮುಟ್ಟುವಂತಿಲ್ಲ. ಕಾಲೇಜು ಆಟಗಳ ನಿಯಮ ಮಾಡುವ ಸಂಸ್ಥೆ ಎನ್‌ಸಿಎಎ ಬಾಗಿಲು ತೆರೆದಿದೆ, ವಲಸೆ ಕಾನೂನು ಮುಚ್ಚಿ ಹಿಡಿದಿದೆ.

ಈ ಹಕ್ಕು ಅಮೆರಿಕದ ಮಕ್ಕಳಿಗೂ ಸುಮ್ನೆ ಸಿಕ್ಕಿದ್ದಲ್ಲ. ಎಡ್ ಒಬ್ಯಾನನ್ ಎಂಬ ಬಾಸ್ಕೆಟ್‌ಬಾಲ್ ಆಟಗಾರ 1995ರಲ್ಲಿ ಯುಸಿಎಲ್‌ಎ ತಂಡವನ್ನು ಚಾಂಪಿಯನ್ ಮಾಡಿದವನು. ಎಷ್ಟೋ ವರ್ಷದ ಮೇಲೆ ಒಂದು ವಿಡಿಯೋ ಗೇಮ್‌ನಲ್ಲಿ ತನ್ನನ್ನೇ ನೋಡಿದ. ಅದೇ ಎತ್ತರ, ಅದೇ 31ನೇ ನಂಬರಿನ ಅಂಗಿ, ಅದೇ ಎಡಗೈ ಹೊಡೆತ. ಹೆಸರು ಮಾತ್ರ ಇರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ, ಒಂದು ಡಾಲರ್ ಕೊಟ್ಟಿರಲೂ ಇಲ್ಲ. 2009ರಲ್ಲಿ ಅವನು ಕೋರ್ಟಿಗೆ ಹೋದ. 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವನ ಪರ ತೀರ್ಪು ಕೊಟ್ಟರು.

ಅದೇ 2014ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಶಬಾಝ್ ನೇಪಿಯರ್ ತನ್ನ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ. ತಾನು ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ. ಅವನ ಆಟ ತೋರಿಸಿ ಟಿವಿ ವಾಹಿನಿಗಳು ಕೋಟಿಗಟ್ಟಲೆ ದುಡಿಯುತ್ತಿದ್ದವು. ಆ ಒಂದು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರಕ್ಕೆ 2010ರಲ್ಲಿ ಆದ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರ್. ನೇಪಿಯರ್ ಆ ಮಾತು ಹೇಳಿದ ತಿಂಗಳೇ ಆಟಗಾರರ ಊಟದ ಮೇಲಿದ್ದ ಮಿತಿಯನ್ನು ಎನ್‌ಸಿಎಎ ತೆಗೆಯಿತು. ಊಟಕ್ಕೂ ಮಿತಿ ಇತ್ತು ಎಂಬುದನ್ನು ಒಂದು ಸಲ ಯೋಚಿಸಿ. ಈಗ ದೊಡ್ಡ ಫುಟ್‌ಬಾಲ್ ಕೋಚ್‌ಗಳ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿದೆ.

2017ರಲ್ಲಿ ಡೊನಾಲ್ಡ್ ಡಿ ಲಾ ಹೇಯ್ ಎಂಬ ಹುಡುಗ ಸೆಂಟ್ರಲ್ ಫ್ಲಾರಿಡಾ ತಂಡದಿಂದ ಹೊರಬಿದ್ದ. ಅವನು ಮಾಡಿದ ತಪ್ಪು ಏನು ಗೊತ್ತಾ? ಯೂಟ್ಯೂಬ್‌ನಲ್ಲಿ ವಿಡಿಯೋ ಹಾಕಿ ಅದರಿಂದ ಬರುವ ಜಾಹೀರಾತಿನ ಹಣ ಬಿಡಲು ಒಪ್ಪದೆ ಇದ್ದದ್ದು. ಅದಕ್ಕಿಂತ ಮೊದಲು, 2004ರಲ್ಲಿ, ಕೊಲೊರಾಡೊದ ಜೆರೆಮಿ ಬ್ಲೂಮ್ ಫುಟ್‌ಬಾಲ್ ಆಡುವ ಅವಕಾಶ ಕಳೆದುಕೊಂಡ. ಅವನು ಹಿಮದ ಮೇಲೆ ಸ್ಕೀ ಮಾಡುವ ಒಲಿಂಪಿಕ್ ಆಟಗಾರನೂ ಆಗಿದ್ದ, ಆ ಆಟಕ್ಕೆ ಪ್ರಾಯೋಜಕರಿಂದ ಹಣ ತೆಗೆದುಕೊಂಡಿದ್ದ. ಫುಟ್‌ಬಾಲ್‌ಗೆ ಒಂದು ಪೈಸೆ ತೆಗೆದುಕೊಂಡಿರಲಿಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಆಟಗಾರರಿಗೆ ಈ ಹಕ್ಕು ಕೊಡುವ ಕಾನೂನನ್ನು ಕ್ಯಾಲಿಫೋರ್ನಿಯಾ ಮೊದಲು ಮಾಡಿತು. 2021ರ ಜೂನ್‌ನಲ್ಲಿ, ಆಟಗಾರರಿಗೆ ಕೊಡುವ ಓದಿನ ಸವಲತ್ತುಗಳ ಮಿತಿ ಕುರಿತ ಆಲ್ಸ್‌ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದು ನ್ಯಾಯಮೂರ್ತಿ ಕವನಾ ಪ್ರತ್ಯೇಕವಾಗಿ ಬರೆದರು. ಹತ್ತು ದಿನದೊಳಗೆ, ಹೆಸರು ಬಳಸಿ ಹಣ ಗಳಿಸಬಾರದೆಂಬ ಹಳೆಯ ನಿಯಮ ಬಿದ್ದುಹೋಯಿತು. ಅದಾದ ಮೇಲೆ 2025ರ ಜೂನ್‌ನಲ್ಲಿ, ಗ್ರಾಂಟ್ ಹೌಸ್ ಎಂಬ ಈಜುಗಾರನ ಹೆಸರಿನ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಒಪ್ಪಿಗೆ ಕೊಟ್ಟವರೂ ಅದೇ ವಿಲ್ಕೆನ್. ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ. ಜೊತೆಗೆ, ಕಾಲೇಜುಗಳೇ ತಮ್ಮ ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ.

ಇಷ್ಟೆಲ್ಲ ಆದ ಮೇಲೂ ಹೊರಗೆ ಉಳಿದವರು ಬೇರೆ ದೇಶದಿಂದ ಬಂದ ಮಕ್ಕಳು. ಎನ್‌ಸಿಎಎ ಕಾಲೇಜುಗಳಲ್ಲಿ ಅಂಥವರು 20 ಸಾವಿರಕ್ಕೂ ಜಾಸ್ತಿ ಇದ್ದಾರೆ. ಮೊದಲ ದರ್ಜೆಯ ಕಾಲೇಜು ಟೆನಿಸ್‌ನಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗಿನವರೇ.

ಎಫ್-1 ನಿಯಮ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ನಾವೂ ಅದೇ ವೀಸಾದಲ್ಲಿ ಬಂದವರೇ ಅಲ್ವಾ. ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ. ಹೊರಗೆ ಕೆಲಸ ಬೇಕೆಂದರೆ ಅನುಮತಿ ಬೇಕು, ಅದು ಓದಿಗೆ ಸಂಬಂಧಪಟ್ಟದ್ದಾಗಿರಬೇಕು ಅಥವಾ ಹಣದ ತೀರಾ ಕಷ್ಟ ಇರಬೇಕು. ಶೂ ಹಾಕಿಕೊಂಡು ಫೋಟೋಗೆ ನಿಲ್ಲುವುದು ಇದ್ಯಾವುದಕ್ಕೂ ಹೊಂದುವುದಿಲ್ಲ. ಅನುಮತಿ ಇಲ್ಲದೆ ದುಡಿದರೆ ವೀಸಾ ಸ್ಥಿತಿ ಹೋಗುತ್ತದೆ. ಕಾಲೇಜು, ಆಟ, ಮುಂದಿನ ಕೆಲಸ ಎಲ್ಲವೂ ಅದರ ಜೊತೆಗೇ ಹೋಗುತ್ತವೆ.

ಪರ್ಡ್ಯೂ ವಿಶ್ವವಿದ್ಯಾಲಯದ ಝ್ಯಾಕ್ ಈಡಿ ಕೆನಡಾದವನು. 2023 ಮತ್ತು 2024, ಎರಡು ವರ್ಷವೂ ಇಡೀ ಅಮೆರಿಕದ ಅತ್ಯುತ್ತಮ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರ ಎನಿಸಿಕೊಂಡ. ಅವನ ಜೊತೆ ಬೆಂಚಿನ ಮೇಲೆ ಕೂತ ಹುಡುಗರು ಜಾಹೀರಾತಿನಲ್ಲಿ ದುಡಿಯಬಹುದಿತ್ತು, ಅವನು ಈ ನೆಲದ ಮೇಲೆ ನಿಂತು ದುಡಿಯುವಂತಿರಲಿಲ್ಲ. ಕೆಂಟಕಿಯ ಆಸ್ಕರ್ ಶೀಬ್ವೆ ಕಾಂಗೋ ದೇಶದವನು, 2022ರ ಅತ್ಯುತ್ತಮ ಆಟಗಾರ. ಆ ವರ್ಷ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ಗೆ ಆಡಲು ಹೋಯಿತು. ಅಲ್ಲಿದ್ದ ಕೆಲವೇ ದಿನಗಳಲ್ಲಿ ಅವನು ತನ್ನ ಜಾಹೀರಾತು ಕೆಲಸಗಳನ್ನು ಮುಗಿಸಿಕೊಂಡ. ಅಮೆರಿಕದ ಗಡಿ ದಾಟಿ ಹೋಗಿ ಫೋಟೋ ತೆಗೆಸಿಕೊಂಡರೆ ಸರಿ, ತನ್ನ ಕಾಲೇಜಿನ ಅಂಗಳದಲ್ಲಿ ತೆಗೆಸಿಕೊಂಡರೆ ತಪ್ಪು! ಅಷ್ಟು ದೊಡ್ಡ ಆಟಗಾರನಿಗೆ ದಾರಿ ಹುಡುಕಿ ಕೊಡಲು ವಕೀಲರು ಇರುತ್ತಾರೆ. ನಮ್ಮ ಮಲ್ಲೇಶ್ವರದ ಹುಡುಗಿಗೆ ಯಾರಿದ್ದಾರೆ?

ಇದನ್ನು ಕೇಳಲು ಕಾರಣ ಇದೆ. ನನ್ನ ಅಕ್ಕನ ಮಗಳು ಇಲ್ಲಿ ಒಂದು ಕಾಲೇಜಿನಲ್ಲಿ ಟೆನಿಸ್ ಆಡುತ್ತಾಳೆ. ಡಬಲ್ಸ್‌ನಲ್ಲಿ ಅವಳ ಜೊತೆಗಾತಿ ಅಮೆರಿಕದ ಹುಡುಗಿ. ಇಬ್ಬರೂ ಸೇರಿ ಒಳ್ಳೆಯ ಹೆಸರು ಮಾಡಿದರು. ಊರಿನ ಒಂದು ಆಟದ ಸಾಮಾನಿನ ಅಂಗಡಿಯವರು ಇಬ್ಬರ ಫೋಟೋ ಹಾಕುತ್ತೇವೆ, ಕೆಲವು ನೂರು ಡಾಲರ್ ಕೊಡುತ್ತೇವೆ ಎಂದರು. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಆಫೀಸಿನವರು ಯಾವ ಕಾಗದಕ್ಕೂ ಸಹಿ ಹಾಕಬೇಡ ಎಂದು ಹೇಳಿ ಕಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಅವಳನ್ನು ಉಳಿಸಿದರು. ಕೊನೆಗೆ ಜೊತೆಗಾತಿ ಒಬ್ಬಳೇ ಫೋಟೋಗೆ ನಿಂತಳು. ನನಗೆ ನೋವಾದದ್ದು ಮುಂದಿನದಕ್ಕೆ. ಅದೇ ವರ್ಷ ಕಾಲೇಜು ತನ್ನ ಟೆನಿಸ್ ಪೋಸ್ಟರ್ ಮೇಲೆ ನಮ್ಮ ಹುಡುಗಿಯ ಫೋಟೋವನ್ನು ದೊಡ್ಡದಾಗಿ ಹಾಕಿತು. ಕೆಳಗೆ ಪ್ರಾಯೋಜಕ ಬ್ಯಾಂಕಿನ ಹೆಸರು. ಅವಳ ಮುಖ ಕಾಲೇಜಿಗೆ ಹಣ ತರಬಹುದು, ಅವಳಿಗೆ ತರುವ ಹಾಗಿಲ್ಲ. ಇದು ಯಾವ ನ್ಯಾಯ?

ಅಕ್ಕ ಮತ್ತು ಭಾವ ಅವಳ ಟೆನಿಸ್‌ಗೆ ಎಷ್ಟು ಖರ್ಚು ಮಾಡಿದ್ದಾರೆ ಎಂದು ಅವರೇ ಲೆಕ್ಕ ಇಟ್ಟಿಲ್ಲ. ಕೋಚಿಂಗ್ ಫೀಸು, ರಾಕೆಟ್ಟು, ಊರಿಂದ ಊರಿಗೆ ಟೂರ್ನಮೆಂಟು, ಜೊತೆಗೆ ಹೋಗಲು ಅಕ್ಕ ಬಿಟ್ಟ ಕೆಲಸ. ಸ್ಕಾಲರ್‌ಶಿಪ್ ಸಿಕ್ಕಿತೆಂದರೆ ಎಲ್ಲವೂ ಮುಗಿಯಿತು ಎಂದು ಊರಲ್ಲಿ ಅಂದುಕೊಳ್ಳುತ್ತಾರೆ. ಹುಡುಗಿಯರಿಗೆ ಪರವಾಗಿಲ್ಲ, ಮೊದಲ ದರ್ಜೆಯ ಒಂದು ತಂಡಕ್ಕೆ ಎಂಟು ಪೂರ್ತಿ ಸ್ಕಾಲರ್‌ಶಿಪ್ ಇರುತ್ತಿತ್ತು. ಹುಡುಗರ ಟೆನಿಸ್ ತಂಡಕ್ಕೆ ಇದ್ದದ್ದು ನಾಲ್ಕೂವರೆ. ಅದನ್ನೇ ಎಲ್ಲರಿಗೂ ಹರಿದು ಹಂಚುತ್ತಿದ್ದರು. ಹೌಸ್ ರಾಜಿ ಆದ ಮೇಲೆ ಅದನ್ನು ಒಪ್ಪಿಕೊಂಡ ಕಾಲೇಜುಗಳು ಜಾಸ್ತಿ ಕೊಡಬಹುದು, ಆದರೆ ಕೊಡಲೇಬೇಕು ಅಂತೇನಿಲ್ಲ. ಬಾಕಿ ಡಾಲರ್ ಲೆಕ್ಕದಲ್ಲಿ ಬೆಂಗಳೂರಿನ ಸಂಬಳದಿಂದ ಬರಬೇಕು. ಆ ಅಂಗಡಿಯ ಕೆಲವು ನೂರು ಡಾಲರ್ ಅಂಥ ಮನೆಗೆ ಚಿಲ್ಲರೆ ಹಣ ಆಗಿರಲಿಲ್ಲ.

ಟೆನಿಸ್‌ನಲ್ಲಿ ಇನ್ನೊಂದು ಗೋಜಲೂ ಇದೆ. ಜಾಹೀರಾತಿನ ಹಣ ತೆಗೆದುಕೊಳ್ಳಲು ಅಮೆರಿಕದ ಮಕ್ಕಳಿಗೆ ಒಪ್ಪಿಗೆ ಸಿಕ್ಕಿತು, ಆದರೆ ಆಡಿ ಗೆದ್ದ ಬಹುಮಾನದ ಹಣಕ್ಕೆ ಮಿತಿ ಉಳಿಯಿತು. ನಾರ್ತ್ ಕ್ಯಾರೊಲೈನಾದ ರೀಸ್ ಬ್ರಾಂಟ್‌ಮೇಯರ್ ಯುಎಸ್ ಓಪನ್‌ನಲ್ಲಿ ಗೆದ್ದ ಹಣದಲ್ಲಿ ಬಹುಪಾಲು ಬಿಡಬೇಕಾಗಿ ಬಂದು, 2024ರಲ್ಲಿ ಎನ್‌ಸಿಎಎ ಮೇಲೆ ಕೇಸು ಹಾಕಿದಳು. ಬೆವರು ಸುರಿಸಿ ಗೆದ್ದದ್ದು ಬೇಡ, ಪೋಸು ಕೊಟ್ಟು ಗಳಿಸಿದ್ದು ಆಗಬಹುದು ಎಂದರೆ ಯಾವ ಲೆಕ್ಕ?

ಇದೇ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಹೆಸರು ಬಂದಾಗ ಕನ್ನಡಿಗರಿಗೆ ವಿಕಾಸ್ ಗೌಡ ನೆನಪಾಗಬೇಕು. ಮೈಸೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಇಲ್ಲಿಗೆ ಬಂದು, ಆ ಕಾಲೇಜಿನ ಪರ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಚಾಂಪಿಯನ್ ಆದವರು. ಆಮೇಲೆ 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಆಟಗಳಲ್ಲಿ ಭಾರತಕ್ಕೆ ಚಿನ್ನ ತಂದರು. ಅವರು ಕಾಲೇಜಿನಲ್ಲಿದ್ದಾಗ ಯಾವ ಆಟಗಾರನಿಗೂ ಈ ಹಕ್ಕು ಇರಲಿಲ್ಲ. ಇವತ್ತು ಅವರಂಥ ಹುಡುಗ ಬಂದರೆ, ಇಲ್ಲೇ ಬೆಳೆದವನಾದರೆ ಅವನಿಗೆ ಒಂದು ನಿಯಮ, ಮೈಸೂರಿಂದ ನೇರ ಬಂದವನಾದರೆ ಇನ್ನೊಂದು ನಿಯಮ. ಎಸೆಯುವ ತಟ್ಟೆ ಒಂದೇ, ಹಾಕುವ ಅಂಗಿಯೂ ಒಂದೇ.

ಓದಲು ಬಂದವರು ಓದಲಿ, ದುಡ್ಡಿನ ಮಾತೇಕೆ ಎಂದು ನಮ್ಮ ಹಿರಿಯರು ಕೆಲವರು ಕೇಳುತ್ತಾರೆ. ಪಿಟೀಲು ಕಲಿಯಲು ಬಂದ ವಿದ್ಯಾರ್ಥಿಯೂ ಎಫ್-1ನಲ್ಲಿ ಕಛೇರಿ ಮಾಡಿ ಸಂಭಾವನೆ ಪಡೆಯುವಂತಿಲ್ಲ, ಆಟದವರಿಗೆ ಮಾತ್ರ ಏಕೆ ವಿನಾಯಿತಿ ಎಂದೂ ಕೇಳುತ್ತಾರೆ. ಇದು ಸರಿಯಾದ ಪ್ರಶ್ನೆ. ನನ್ನನ್ನು ಕೇಳಿದರೆ ಆ ವಿದ್ಯಾರ್ಥಿಗೂ ಕೊಡಬೇಕು. ಆದರೂ ಒಂದು ವ್ಯತ್ಯಾಸ ಇದೆ. ಪಿಟೀಲಿನ ಹುಡುಗನ ಹೆಸರು ಬರೆದ ಅಂಗಿಯನ್ನು ಕಾಲೇಜಿನ ಅಂಗಡಿ ಮಾರುವುದಿಲ್ಲ. ಅವನ ಅಭ್ಯಾಸವನ್ನು ಟಿವಿಗೆ ಮಾರುವುದಿಲ್ಲ. ಆಟಗಾರರ ಮುಖದ ಮೇಲೆ ವ್ಯಾಪಾರ ಆಗಲೇ ನಡೆಯುತ್ತಿದೆ. ಆ ಮುಖ ಯಾರದ್ದೋ ಅವರಿಗೆ ಅದರಲ್ಲಿ ಪಾಲಿಲ್ಲ, ಅಷ್ಟೇ.

ವಲಸೆ ಕಾನೂನಿನ ಉದ್ದೇಶವನ್ನೂ ನೋಡಿ. ವಿದ್ಯಾರ್ಥಿ ವೀಸಾದವರು ಕೆಲಸ ಮಾಡಬಾರದು ಎಂದು ಹೇಳುವುದು ಇಲ್ಲಿನವರ ಕೆಲಸ ಹೋಗದಿರಲಿ ಎಂದು. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಝ್ಯಾಕ್ ಈಡಿಯ ಸಹಿ ಹಾಕಲು ಝ್ಯಾಕ್ ಈಡಿಯೇ ಬೇಕು. ಅವನಿಂದ ಯಾವ ಅಮೆರಿಕನ್ನನ ಕೆಲಸ ಹೋಗುತ್ತದೆ? ನಮ್ಮ ಹುಡುಗಿಯ ಮುಖವನ್ನು ಬೇರೆ ಯಾರು ಹೊತ್ತು ತರಲು ಆಗುತ್ತದೆ?

ದುಡ್ಡು ಬಂದ ಮೇಲೆ ಕಾಲೇಜು ಆಟ ಕೆಟ್ಟಿತು ಎನ್ನುವವರ ಮಾತಿನಲ್ಲಿ ನಿಜ ಇದೆ. ಶ್ರೀಮಂತ ಅಭಿಮಾನಿಗಳು ಗುಂಪು ಕಟ್ಟಿ, ಜಾಹೀರಾತಿನ ಹೆಸರಲ್ಲಿ ಆಟಗಾರರನ್ನು ಕೊಳ್ಳತೊಡಗಿದರು. ಜೇಡನ್ ರಶಾಡಾ ಎಂಬ ಹುಡುಗ ತನಗೆ 1.385 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟು ಕೈಬಿಟ್ಟರು ಎಂದು 2024ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಕೋಚ್ ಮೇಲೇ ಕೇಸು ಹಾಕಿದ. ಇನ್ನೂ ಹೈಸ್ಕೂಲಿನಲ್ಲಿದ್ದ ಹುಡುಗನ ಮುಂದೆ ಆ ಮೊತ್ತ ಇಟ್ಟಿದ್ದರು. ಇದಕ್ಕೆ ಕಡಿವಾಣ ಬೇಕು. 600 ಡಾಲರ್ ದಾಟಿದ ಒಪ್ಪಂದಗಳನ್ನು ಈಗ ತೋರಿಸಿ ಒಪ್ಪಿಗೆ ಪಡೆಯಬೇಕು ಎಂಬ ನಿಯಮ ಬಂದಿದೆ, ಅದು ಒಳ್ಳೆಯದೇ.

ಚಿಕ್ಕ ಆಟಗಳು ಮುಚ್ಚಿಹೋಗುತ್ತವೆ ಎಂಬ ಭಯವೂ ಸುಳ್ಳಲ್ಲ. 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ತನ್ನ ಈಜು ತಂಡಗಳನ್ನು ನಿಲ್ಲಿಸಿತು, ಹೌಸ್ ರಾಜಿಯ ಹೊರೆಯನ್ನೂ ಒಂದು ಕಾರಣವಾಗಿ ಹೇಳಿತು. ನಮ್ಮ ಮಕ್ಕಳು ಬರುವುದು ಇಂಥ ಆಟಗಳಿಗೇ, ಹಾಗಾಗಿ ನನಗೂ ಭಯ ಇದೆ. ಆದರೆ ಎರಡು ವಿಷಯ ಬೆರೆಸಬಾರದು. ಕಾಲೇಜು ತನ್ನ ಬೊಕ್ಕಸದಿಂದ ಫುಟ್‌ಬಾಲ್ ಹುಡುಗರಿಗೆ ಹಂಚಿದರೆ ಈಜುಕೊಳಕ್ಕೆ ಹಣ ಕಡಿಮೆ ಬೀಳಬಹುದು. ಊರಿನ ಅಂಗಡಿಯವನು ತನ್ನ ಜೇಬಿನಿಂದ ಟೆನಿಸ್ ಹುಡುಗಿಗೆ ಕೊಟ್ಟರೆ ಯಾರ ಹಣವೂ ಕಡಿಮೆ ಆಗುವುದಿಲ್ಲ. ನಾನು ಕೇಳುತ್ತಿರುವುದು ಈ ಎರಡನೆಯದನ್ನು. ಹೆಣ್ಣುಮಕ್ಕಳಿಗೂ ಇದರಿಂದ ಲಾಭ ಆಗಿರುವುದು ಕಣ್ಣಿಗೆ ಕಾಣುತ್ತಿದೆ. ಲೂಸಿಯಾನಾದ ಜಿಮ್ನಾಸ್ಟ್ ಒಲಿವಿಯಾ ಡನ್, ಅಯೋವಾದ ಬಾಸ್ಕೆಟ್‌ಬಾಲ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಗಳಿಸಿದ್ದನ್ನು ಯಾವ ಕಾಲೇಜಿನ ಬೊಕ್ಕಸವೂ ಕೊಟ್ಟಿರಲಿಲ್ಲ.

ದಾರಿ ಇಲ್ಲವೆಂದೇನೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಡೆಮಾಕ್ರಟಿಕ್ ಸೆನೆಟರ್ ರಿಚರ್ಡ್ ಬ್ಲೂಮೆಂಥಲ್ ಮತ್ತು ನೆಬ್ರಾಸ್ಕಾದ ರಿಪಬ್ಲಿಕನ್ ಸೆನೆಟರ್ ಪೀಟ್ ರಿಕೆಟ್ಸ್ ಸೇರಿ ಒಂದು ಮಸೂದೆ ತಂದರು. ವಿದ್ಯಾರ್ಥಿ ವೀಸಾದ ಆಟಗಾರರು ತಮ್ಮ ಹೆಸರು, ಮುಖದಿಂದ ಗಳಿಸಿದರೆ ವೀಸಾಗೆ ಧಕ್ಕೆ ಬರಬಾರದು ಎಂಬುದು ಅದರ ತಿರುಳು. ಎರಡೂ ಪಕ್ಷದವರು ಒಟ್ಟಿಗೆ ಕೂತು ಬರೆದದ್ದು. ಆದರೂ ಅದು ಮುಂದೆ ಹೋಗಲಿಲ್ಲ, ಆ ಕಾಂಗ್ರೆಸ್‌ನ ಅವಧಿ 2025ರ ಜನವರಿಯಲ್ಲಿ ಮುಗಿದಾಗ ಅದೂ ಮುಗಿಯಿತು. ಕೇಳುವವರು ಕಡಿಮೆ ಇದ್ದರು. ಆ ಮಕ್ಕಳಿಗೆ ಇಲ್ಲಿ ವೋಟಿಲ್ಲ, ಅವರ ಅಪ್ಪ ಅಮ್ಮಂದಿರಿಗೂ ಇಲ್ಲ.

ನಿಮಗಿದೆ. ವೀಸಾದಲ್ಲೇ ಇರುವವರು ಹಿಂಜರಿದರೆ ನಾನು ತಪ್ಪು ಹೇಳುವುದಿಲ್ಲ, ಕಾಲ ಹಾಗಿದೆ. ಪೌರತ್ವ ಇರುವವರು ಮಾತಾಡಿ. ನಿಮ್ಮ ಊರಿನ ಪ್ರತಿನಿಧಿಗೆ, ಇಬ್ಬರು ಸೆನೆಟರ್‌ಗಳಿಗೆ ಬರೆಯಿರಿ. ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿದ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್‌ನಿಂದ ಕಾಂಗ್ರೆಸ್ ಸೇರಿದರು. ವಿದ್ಯಾರ್ಥಿ ವೀಸಾದ ಕಷ್ಟ ಏನೆಂದು ಅಂಥವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಆ ಹಳೆಯ ಮಸೂದೆಯನ್ನು ಮತ್ತೆ ತನ್ನಿ ಎಂದು ಕೇಳಿ. ಕಾಲೇಜು ಆಟಗಳ ಬಗ್ಗೆ ದೊಡ್ಡ ಕಾನೂನು ಮಾಡುವ ಮಾತು ವಾಷಿಂಗ್ಟನ್‌ನಲ್ಲಿ ನಡೆಯುತ್ತಲೇ ಇದೆ, ಅದರಲ್ಲಿ ವಿದೇಶಿ ಮಕ್ಕಳಿಗೆ ಒಂದು ಸಾಲು ಸೇರಿಸಿ ಎಂದು ಕೇಳಿ. ಕೂಟಗಳ ಹೆಸರಲ್ಲಿ ಒಂದು ಪತ್ರ ಹೋದರೆ ಒಬ್ಬೊಬ್ಬರ ಮಾತಿಗಿಂತ ತೂಕ ಜಾಸ್ತಿ. ತಮಿಳರು, ತೆಲುಗರು, ನೈಜೀರಿಯಾದವರು, ಬ್ರೆಜಿಲ್‌ನವರು ಯಾರೇ ಕೈಜೋಡಿಸಿದರೂ ಒಳ್ಳೆಯದು, ಅವರ ಮಕ್ಕಳದ್ದೂ ಇದೇ ಕಥೆ.

ಕಾನೂನು ಬದಲಾಗುವವರೆಗೆ ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಇದನ್ನು ದಯವಿಟ್ಟು ತಲುಪಿಸಿ. ಮಗುವಿಗೆ ಇಲ್ಲಿ ಯಾರಾದರೂ ಹಣ, ಉಚಿತ ಕಾರು, ಬಟ್ಟೆ ಕೊಡುತ್ತೇವೆ, ಒಂದು ಪೋಸ್ಟ್ ಹಾಕು ಸಾಕು ಎಂದರೆ ಒಪ್ಪಬೇಡಿ. ಸಾಮಾನಿನ ರೂಪದಲ್ಲಿ ಕೊಟ್ಟರೂ ಅದನ್ನು ಸಂಪಾದನೆ ಎಂದೇ ನೋಡಬಹುದು. ಗೆಳೆಯರು ತೆಗೆದುಕೊಂಡರು, ಏನೂ ಆಗಲಿಲ್ಲ ಎಂಬ ಮಾತು ನಂಬಬೇಡಿ, ಅವರ ವೀಸಾ ಬೇರೆ ಇರಬಹುದು. ಕಾಲೇಜೇ ನೇರವಾಗಿ ಹಣ ಕೊಡುತ್ತೇನೆ ಎಂದರೂ ತಡೆಯಿರಿ, ಅದರ ಬಗ್ಗೆ ವಕೀಲರಲ್ಲೇ ಒಮ್ಮತ ಇಲ್ಲ. ಮೊದಲು ವಿದೇಶಿ ವಿದ್ಯಾರ್ಥಿಗಳ ಆಫೀಸು, ಆಮೇಲೆ ಒಬ್ಬ ವಲಸೆ ವಕೀಲರು. ಕೋಚ್ ಹೇಳಿದರು ಎಂಬುದು ವೀಸಾ ಅಧಿಕಾರಿಯ ಮುಂದೆ ಉತ್ತರ ಆಗುವುದಿಲ್ಲ. ನಮ್ಮಲ್ಲಿ ವಲಸೆ ವಕೀಲರಾಗಿರುವ ಕನ್ನಡಿಗರು ಬಹಳ ಮಂದಿ ಇದ್ದೀರಿ. ತಿಂಗಳಿಗೆ ಒಂದು ಸಂಜೆ ಈ ಮಕ್ಕಳ ಪ್ರಶ್ನೆಗಳಿಗೆ ಕೊಡಿ. ಯಾವ ಕೂಟ ಇದಕ್ಕೆ ಮುಂದೆ ಬಂದರೂ ಪತ್ರದ ಕರಡು ಬರೆಯಲು, ಫೋನು ಮಾಡಲು, ಓಡಾಡಲು ನಾನು ತಯಾರಿದ್ದೇನೆ.

ಇಂತಿ ನಿಮ್ಮವ,
ಓಹಾಯೋದ ಒಬ್ಬ ಕನ್ನಡಿಗ